ಸೇನ್ ದಂಡೆಯ ಹಸಿರು ಪೆಟ್ಟಿಗೆಗಳು: ಪ್ಯಾರಿಸ್‌ನ ಹಳೆ ಪುಸ್ತಕದ ಅಂಗಡಿಗಳ ಬಗ್ಗೆ ಮೈಸೂರಿನ ಮುದ್ರಕನೊಬ್ಬನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ: ಈ ಅಂಗಡಿಗಳ ಪೈಕಿ ಒಂದರಲ್ಲಿ ನನಗೆ 45 ಯೂರೋ ಟೋಪಿ ಬಿತ್ತು. ಮೈಸೂರಿನಲ್ಲಿ ಮೂವತ್ತನಾಲ್ಕು ವರ್ಷ ಅಚ್ಚುಕೂಟ ನಡೆಸಿ, ಅಚ್ಚಿನ ಮೊಳೆ ಜೋಡಿಸಿ, ಟ್ರೆಡಲ್ ಯಂತ್ರ ತುಳಿದು, ಲಗ್ನಪತ್ರಿಕೆಯಿಂದ ಹಿಡಿದು ಚುನಾವಣೆಯ ಕರಪತ್ರದವರೆಗೆ ಎಲ್ಲವನ್ನೂ ಅಚ್ಚು ಹಾಕಿದವನಿಗೆ ಅಚ್ಚಿನ ವಿಷಯದಲ್ಲೇ ಟೋಪಿ. ಆದರೂ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಯಾಕೆ ಎಂಬುದನ್ನು ನಿಧಾನವಾಗಿಯೇ ಬರೆಯುತ್ತೇನೆ. ಅವಸರದವರಿಗೆ ಆ ಅಂಗಡಿಗಳೂ ಒಗ್ಗುವುದಿಲ್ಲ, ಈ ಬರಹವೂ ಒಗ್ಗುವುದಿಲ್ಲ.

ಪ್ಯಾರಿಸ್‌ನ ನಡುವೆ ಹರಿಯುವ ಸೇನ್ ನದಿಯ ಎರಡೂ ದಂಡೆಗೆ ಕಲ್ಲಿನ ತಡೆಗೋಡೆ ಇದೆ. ಆ ಗೋಡೆಯ ನೆತ್ತಿಯ ಮೇಲೆ ಕಡು ಹಸಿರು ಬಣ್ಣದ ಪೆಟ್ಟಿಗೆಗಳನ್ನು ಸಾಲಾಗಿ ಬಿಗಿದು ಕೂರಿಸಿದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ನಿಮಗೆ ಕಾಣುವುದು ಬೀಗಗಳು ಮಾತ್ರ. ಹನ್ನೊಂದು ದಾಟಿದ ಮೇಲೆ ಒಬ್ಬೊಬ್ಬರೇ ಬಂದು ಬೀಗ ತೆಗೆದು, ಮುಚ್ಚಳ ಎತ್ತಿ ನಿಲ್ಲಿಸುತ್ತಾರೆ. ಆ ಮುಚ್ಚಳವೇ ಅಂಗಡಿಯ ಸೂರು. ಒಳಗಡೆ ಪುಸ್ತಕ, ಹಳೆಯ ಪತ್ರಿಕೆ, ಭೂಪಟ, ಅಂಚೆ ಕಾರ್ಡು, ಚಿತ್ರಪಟ. ಗಿರಾಕಿ ನಿಲ್ಲುವುದು ಪಾದಚಾರಿ ಹಾದಿಯಲ್ಲಿ, ಅಂಗಡಿಯವನು ಕೂರುವುದು ಮಡಚುವ ಕುರ್ಚಿಯ ಮೇಲೆ, ಬೆನ್ನ ಹಿಂದೆ ನದಿ. ಈ ವ್ಯಾಪಾರಿಗಳಿಗೆ ಬುಕಿನಿಸ್ಟ್ ಎಂದು ಹೆಸರು. ಸುಮಾರು 230 ಜನ ಇದ್ದಾರೆ, ಪೆಟ್ಟಿಗೆಗಳು 900ರ ಆಸುಪಾಸು. ಎಡದಂಡೆಯಲ್ಲಿ ತುರ್ನೆಲ್‌ನಿಂದ ವೋಲ್ತೇರ್ ಹೆಸರಿನ ದಂಡೆಯವರೆಗೆ, ಬಲದಂಡೆಯಲ್ಲಿ ಮರೀ ಸೇತುವೆಯಿಂದ ಲೂವ್ರ ಅರಮನೆಯವರೆಗೆ ಇವರ ಸಾಲು ಹಬ್ಬಿದೆ.

ನನ್ನ ಮಗಳ ಮನೆ ಪ್ಯಾರಿಸ್‌ನ ದಕ್ಷಿಣಕ್ಕೆ, ಆಂತೋನಿ ಎಂಬ ಊರಿನಲ್ಲಿ. ಅಲ್ಲಿಂದ ಲೋಕಲ್ ರೈಲು ಹತ್ತಿದರೆ ನೇರವಾಗಿ ನೋತ್ರ ದಾಮ್ ಇಗರ್ಜಿಯ ಎದುರಿನ ನಿಲ್ದಾಣದಲ್ಲಿ ಇಳಿಯಬಹುದು, 2025ರಲ್ಲಿ ಟಿಕೆಟ್ 2.50 ಯೂರೋ ಇತ್ತು. ಒಂದು ಯೂರೋ ಎಂದರೆ ಹೆಚ್ಚುಕಡಿಮೆ ನೂರು ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. 2025ರ ಅಕ್ಟೋಬರ್ ಇಡೀ ತಿಂಗಳು ಅಲ್ಲಿದ್ದೆ. ಒಂಬತ್ತು ಮಧ್ಯಾಹ್ನ ಈ ಪೆಟ್ಟಿಗೆಗಳ ಮುಂದೆ ಕಳೆದೆ. ಐದು ಸಲ ಒಬ್ಬನೇ ಹೋಗಿದ್ದೆ, ನಾಲ್ಕು ಸಲ ಹನ್ನೊಂದು ವರ್ಷದ ಮೊಮ್ಮಗಳೊಂದಿಗೆ. ಅವಳಿಗೆ ಬುಧವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ, ನನಗೆ ಫ್ರೆಂಚ್ ಬರುವುದಿಲ್ಲ. ಜೋಡಿ ಸರಿಹೋಯಿತು.

ಅವಳು ಕಲಿಸಿದ ಮೊದಲ ಪಾಠವನ್ನು ನಿಮಗೂ ಹೇಳುತ್ತೇನೆ, ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಮೊದಲ ದಿನ ನಾನು ಸೀದಾ ಹೋಗಿ ಒಂದು ಪುಸ್ತಕ ಎತ್ತಿಕೊಂಡು, ಬೆಲೆ ಎಷ್ಟು ಎಂದು ಬೆರಳಿನಲ್ಲಿ ಸನ್ನೆ ಮಾಡಿದೆ. ಕುರ್ಚಿಯಲ್ಲಿದ್ದ ಮನುಷ್ಯ ನನ್ನನ್ನು ನೋಡಿಯೂ ನೋಡದವನಂತೆ ನದಿಯ ಕಡೆ ತಿರುಗಿದ.

"ತಾತ, ಮೊದಲು ಬೊಂಜೂರ್ ಹೇಳು. ಹೇಳದಿದ್ದರೆ ಅವರ ಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ" ಎಂದಳು ಪುಟ್ಟಿ.

ಹೇಳಿದೆ. ಮನುಷ್ಯ ಕುರ್ಚಿಯಿಂದ ಎದ್ದೇಬಿಟ್ಟ. ಫ್ರೆಂಚರು ಗರ್ವಿಷ್ಠರು ಎಂದು ಹೊರಗಿನವರೆಲ್ಲ ದೂರುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ಈ ಒಂದು ಶಬ್ದದ ಬಾಕಿ ಎಂದು ನನ್ನ ಅಂದಾಜು. ಉಳಿದ ಕಾಲು ಪಾಲು ನಿಜವಾದ ಗರ್ವವೇ, ಅದಕ್ಕೆ ಔಷಧಿ ಇಲ್ಲ.

ಎರಡನೆಯ ಪಾಠ ಕತ್ತಿನದು. ನಮ್ಮ ಪುಸ್ತಕಗಳ ಬೆನ್ನಿನ ಮೇಲೆ ಹೆಸರು ಮೇಲಿನಿಂದ ಕೆಳಗೆ ಓಡುತ್ತದೆ, ಫ್ರೆಂಚ್ ಪುಸ್ತಕಗಳಲ್ಲಿ ಕೆಳಗಿನಿಂದ ಮೇಲಕ್ಕೆ. ಬಲಕ್ಕೆ ವಾಲಿ ಓದುವ ಅಭ್ಯಾಸದ ಕತ್ತು ಇಲ್ಲಿ ಎಡಕ್ಕೆ ವಾಲಬೇಕು. ಎರಡು ಗಂಟೆ ಹೀಗೆ ನಿಂತು ಮನೆಗೆ ಬಂದರೆ ರಾತ್ರಿ ಮಗಳು ನೋವಿನೆಣ್ಣೆ ಹುಡುಕಬೇಕಾಗುತ್ತದೆ.

ಬೆಲೆಯ ವಿಷಯಕ್ಕೆ ಬರೋಣ. ಪುಸ್ತಕದ ಒಳಗಿನ ಮೊದಲ ಖಾಲಿ ಹಾಳೆಯ ಮೇಲ್ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆದಿರುತ್ತಾರೆ. ಜೇಬುಗಾತ್ರದ ಕಾದಂಬರಿಗಳು ಎರಡರಿಂದ ಐದು ಯೂರೋಗೆ ಸಿಗುತ್ತವೆ. ಸ್ವಲ್ಪ ಹಳೆಯವು, ದಪ್ಪನೆಯವು ಹತ್ತರಿಂದ ಇಪ್ಪತ್ತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎತ್ತರದಲ್ಲಿ ಇಟ್ಟದ್ದು ಇದ್ದರೆ ಕೇಳುವುದಕ್ಕೆ ಮುಂಚೆ ಉಸಿರು ಎಳೆದುಕೊಳ್ಳಿ. ಚೌಕಾಸಿ ನಡೆಯುತ್ತದೆ, ಆದರೆ ನಮ್ಮ ಹಾಗೆ ಅರ್ಧಕ್ಕೆ ಕೇಳಿದರೆ ಮುಖ ಗಂಟು ಹಾಕುತ್ತಾರೆ. ಮೂರು ಪುಸ್ತಕ ಆರಿಸಿ ಕೈಯಲ್ಲಿ ಹಿಡಿದು, ಮಾತಾಡದೆ ನಿಂತರೆ ಅವರೇ ಒಂದೆರಡು ಯೂರೋ ಇಳಿಸುತ್ತಾರೆ. ಈ ಮೌನದ ಚೌಕಾಸಿ ನನಗೆ ಹಿಡಿಸಿತು.

ಇಲ್ಲಿ ಮುದ್ರಕನಾಗಿ ಒಂದು ಮಾತು ಸೇರಿಸಬೇಕು. ಫ್ರಾನ್ಸಿನಲ್ಲಿ ಹೊಸ ಪುಸ್ತಕಕ್ಕೆ ಚೌಕಾಸಿ ಎಂಬುದೇ ಇಲ್ಲ. 1981ರಲ್ಲಿ ಜಾಕ್ ಲಾಂಗ್ ಎಂಬ ಸಂಸ್ಕೃತಿ ಸಚಿವರು ಒಂದು ಕಾಯ್ದೆ ತಂದರು. ಅದರ ಪ್ರಕಾರ ಬೆಲೆ ನಿಗದಿ ಮಾಡುವವನು ಪ್ರಕಾಶಕ, ಅಂಗಡಿಯವನು ಅದರಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಬಿಡುವಂತಿಲ್ಲ. ಬಜಾರಿನಷ್ಟು ದೊಡ್ಡ ಮಳಿಗೆಯಾಗಲಿ, ಮೂಲೆಯ ಪುಟ್ಟ ಅಂಗಡಿಯಾಗಲಿ ಒಂದೇ ದರ. ಅಂತರ್ಜಾಲದಲ್ಲಿ ಮಾರುವವರು ಸಾಗಣೆ ಬಿಟ್ಟಿ ಎಂದು ಗಿರಾಕಿಗಳನ್ನು ಸೆಳೆಯಲು ಹೊರಟಾಗ ಅದಕ್ಕೂ ಕಾಯ್ದೆ ಬಂತು: 35 ಯೂರೋಗಿಂತ ಕಡಿಮೆ ಬೆಲೆಯ ಹೊಸ ಪುಸ್ತಕಗಳ ಪಾರ್ಸೆಲ್‌ಗೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ಹಾಕಲೇಬೇಕು. ಹಳೆ ಪುಸ್ತಕಕ್ಕೆ ಈ ಕಟ್ಟುಪಾಡು ಇಲ್ಲ. ಹಾಗಾಗಿ ಪುಸ್ತಕದ ಬೆಲೆಯ ಬಗ್ಗೆ ಬಾಯಿ ತೆರೆಯಲು ಅವಕಾಶವಿರುವುದು ಇಂಥ ಕಡೆ ಮಾತ್ರ. ಕೇಳಿ ಹೊಟ್ಟೆಕಿಚ್ಚಾಯಿತು. ಶೇಕಡಾ 40 ರಿಯಾಯಿತಿ ಕೊಟ್ಟು ಗ್ರಂಥಾಲಯಕ್ಕೆ ಪುಸ್ತಕ ತಳ್ಳಿ, ನನ್ನ ಅಚ್ಚಿನ ಬಿಲ್ಲನ್ನು ವರ್ಷಗಟ್ಟಲೆ ಬಾಕಿ ಇಟ್ಟ ಪ್ರಕಾಶಕರ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು.

ಪೆಟ್ಟಿಗೆಗಳಿಗೂ ಕಾನೂನಿದೆ. ಉದ್ದ 2 ಮೀಟರ್, ಅಗಲ 75 ಸೆಂಟಿಮೀಟರ್. ಮುಚ್ಚಳ ಎತ್ತಿದಾಗ ಅದರ ಅಂಚು ನೆಲದಿಂದ 2.10 ಮೀಟರ್ ದಾಟಬಾರದು. ಬಣ್ಣ ಹಳೆಯ ರೈಲುಡಬ್ಬಿಯ ಹಸಿರು, ಬೇರೆ ಹಸಿರು ಬಳಿಯುವಂತಿಲ್ಲ. ಒಬ್ಬರಿಗೆ ನಾಲ್ಕೇ ಪೆಟ್ಟಿಗೆ, ಅದರಲ್ಲಿ ಒಂದರಲ್ಲಿ ಮಾತ್ರ ಪ್ರವಾಸಿಗರ ಆಟಿಕೆ ಸಾಮಾನು ಇಡಬಹುದು. ವಾರಕ್ಕೆ ಕಡೇಪಕ್ಷ ನಾಲ್ಕು ದಿನ ಬಾಗಿಲು ತೆರೆಯಬೇಕು. ಬಾಡಿಗೆ ಎಷ್ಟು ಎಂದು ಕೇಳಿದೆ. ಸೊನ್ನೆ. ಪುಟ್ಟಿ ತಪ್ಪು ಕೇಳಿಸಿಕೊಂಡಿರಬೇಕು ಎಂದು ಎರಡನೆಯ ಸಲ ಕೇಳಿಸಿದೆ. ಸೊನ್ನೆಯೇ.

ಮೊದಮೊದಲು ನನಗೆ ನಗು ಬಂತು. ಸಾಹಿತ್ಯವನ್ನು ಅಳತೆಪಟ್ಟಿ ಹಿಡಿದು ಕಾಯುವ ದೇಶ! ನಾಲ್ಕನೆಯ ದಿನದ ಹೊತ್ತಿಗೆ ನಗು ನಿಂತಿತು. ನಮ್ಮಲ್ಲಿ ಪಾದಚಾರಿ ಹಾದಿಯ ಮೇಲೆ ಹಳೆ ಪುಸ್ತಕ ಹರಡಿಕೊಂಡವನು ಪುರಸಭೆಯ ಲಾರಿ ಬಂತೆಂದರೆ ಟಾರ್ಪಾಲಿನ ನಾಲ್ಕು ಮೂಲೆ ಒಟ್ಟು ಮಾಡಿ ಓಡುತ್ತಾನೆ. ಅವನ ಮೇಲೆ ಕವಿತೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವನಿಗೆ 2 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ ಎಂದು ಕಾಗದದಲ್ಲಿ ಬರೆದು ಮೊಹರು ಹಾಕಿ ಕೊಟ್ಟವರು ಯಾರೂ ಇಲ್ಲ.

ಇಲ್ಲಿಯವರಿಗೂ ಆ ಕಾಗದ ಬಿಟ್ಟಿಯಾಗಿ ಬಂದದ್ದಲ್ಲ. 1607ರಲ್ಲಿ ಪೋಂ ನೆಫ್ ಸೇತುವೆ ಮುಗಿದಾಗಿನಿಂದ ಅದರ ಮೇಲೆ ಬುಟ್ಟಿ ಹೊತ್ತು ಪುಸ್ತಕ ಮಾರುವವರು ನೆರೆಯುತ್ತಿದ್ದರು. ರಾಜನ ವಿರುದ್ಧದ ಕರಪತ್ರಗಳನ್ನೂ ಬುಟ್ಟಿಯಡಿ ಇಟ್ಟು ಮಾರುತ್ತಾರೆಂದು ಅವರನ್ನು ಅಟ್ಟುತ್ತಿದ್ದರು, ಅವರು ಮತ್ತೆ ಬರುತ್ತಿದ್ದರು. 1859ರಲ್ಲಿ ನಗರಾಡಳಿತ ಜಾಗ ಗುರುತಿಸಿ ಕೊಟ್ಟಿತು. ರಾತ್ರಿ ಪೆಟ್ಟಿಗೆಯನ್ನು ಗೋಡೆಯ ಮೇಲೆಯೇ ಬಿಟ್ಟು ಹೋಗಲು ಒಪ್ಪಿಗೆ ಸಿಕ್ಕಿದ್ದು 1891ರಲ್ಲಿ. ಅಲ್ಲಿಯವರೆಗೆ ಪ್ರತಿದಿನ ಕೈಗಾಡಿಯಲ್ಲಿ ಹೊತ್ತು ತರಬೇಕಿತ್ತು. ಪುಸ್ತಕದ ಭಾರ ಗೊತ್ತಿದ್ದವರಿಗೆ ಆ 1891 ಎಂಥ ವರ್ಷ ಎಂದು ಅರ್ಥವಾಗುತ್ತದೆ.

ಇತ್ತೀಚಿನ ಜಗಳದ ಕತೆಯನ್ನು ಹೇಳಿದವನು ಎಡದಂಡೆಯ ಒಬ್ಬ ಗಡ್ಡದ ವ್ಯಾಪಾರಿ. ಪ್ರತಿ ಬುಧವಾರ ಅವನ ಕೈಯಲ್ಲಿ ಒಂದೇ ಪತ್ರಿಕೆ: 'ಲ ಕನಾರ್ ಆಂಶೆನೆ'. ಸರಪಳಿ ಬಿಗಿದ ಬಾತುಕೋಳಿ ಎಂದು ಅದರ ಅರ್ಥ. 1915ರಿಂದ ಬರುತ್ತಿರುವ ವಾರಪತ್ರಿಕೆ. ಮಂತ್ರಿಗಳನ್ನು ಗೇಲಿ ಮಾಡುವುದೂ ಅವರ ಹಗರಣಗಳನ್ನು ಬಯಲಿಗೆ ಎಳೆಯುವುದೂ ಅದರ ಕಸುಬು, ಜಾಹೀರಾತು ಮುಟ್ಟುವುದಿಲ್ಲ. ಅವನು ಓದುತ್ತಾ ಒಬ್ಬನೇ ನಗುತ್ತಿದ್ದ. ಗಿರಾಕಿ ಬಂದರೆ ನಗು ಪೂರ್ತಿ ಮುಗಿಸಿಯೇ ತಲೆ ಎತ್ತುತ್ತಿದ್ದ.

2024ರ ಜುಲೈ 26ರಂದು ಒಲಿಂಪಿಕ್ಸ್ ಉದ್ಘಾಟನೆ ಕ್ರೀಡಾಂಗಣದಲ್ಲಿ ಅಲ್ಲ, ಈ ನದಿಯ ಮೇಲೆಯೇ ನಡೆಯಬೇಕಿತ್ತು. ಅದಕ್ಕೆ ಒಂದು ವರ್ಷ ಮುಂಚೆ ಪೊಲೀಸ್ ಇಲಾಖೆಯಿಂದ ಇವರಿಗೆ ಪತ್ರ ಬಂತು: ಭದ್ರತೆಯ ಸಲುವಾಗಿ ಅರ್ಧಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಕೀಳಬೇಕು. ನೂರು ವರ್ಷದ ಮರ, ಕಿತ್ತರೆ ಪುಡಿಯಾಗುತ್ತದೆ ಎಂದು ಇವರು ಹಟ ಹಿಡಿದರು. ನವೆಂಬರಿನಲ್ಲಿ ಪರೀಕ್ಷೆಗೆಂದು ನಾಲ್ಕು ಪೆಟ್ಟಿಗೆಗಳನ್ನು ಯಂತ್ರ ತಂದು ಎತ್ತಿದರು. ಪತ್ರಿಕೆಗಳಲ್ಲಿ ಲೇಖನ, ಸಹಿ ಸಂಗ್ರಹ, ವಕೀಲರು, ಎಲ್ಲವೂ ಆಯಿತು. ಕೊನೆಗೆ 2024ರ ಫೆಬ್ರುವರಿ 13ರಂದು ರಾಷ್ಟ್ರಾಧ್ಯಕ್ಷ ಮ್ಯಾಕ್ರಾನ್ ಅವರೇ ಪೆಟ್ಟಿಗೆಗಳು ಇದ್ದಲ್ಲೇ ಇರಲಿ ಎಂದು ತೀರ್ಮಾನಿಸಿದರು. ಹಳೆ ಪುಸ್ತಕದ ಪೆಟ್ಟಿಗೆಯ ಬೀಗದ ವಿಷಯ ದೇಶದ ಅಧ್ಯಕ್ಷನ ಮೇಜಿಗೆ ಹೋಗುತ್ತದೆ! ಇದನ್ನು ಮೆಚ್ಚಬೇಕೋ ಅಳಬೇಕೋ ಎಂದು ನಾನು ಪುಟ್ಟಿಯ ಮೂಲಕ ಕೇಳಿದೆ. ಗಡ್ಡದವನು ಹೇಳಿದ: "ಇಲ್ಲಿ ಹಾಗೆಯೇ. ಮೊದಲು ಸರ್ಕಾರ ನಮ್ಮನ್ನು ಓಡಿಸಲು ಬರುತ್ತದೆ, ಆಮೇಲೆ ಕಾಪಾಡಲು ಬರುತ್ತದೆ. ನಡುವೆ ಹೊಟ್ಟೆಗೆ ಏನು ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ."

ನಾನಿದ್ದ ತಿಂಗಳಲ್ಲಿ ಅವನ ನಗುವಿಗೆ ಬರವಿರಲಿಲ್ಲ. ಪ್ರಧಾನಿ ಲುಕೊರ್ನು ಅಕ್ಟೋಬರ್ 6ರಂದು ರಾಜೀನಾಮೆ ಕೊಟ್ಟರು, 10ರಂದು ಅವರನ್ನೇ ಮತ್ತೆ ನೇಮಿಸಿದರು. ಎರಡು ವರ್ಷ ತುಂಬುವುದರೊಳಗೆ ಆ ಕುರ್ಚಿಯಲ್ಲಿ ಕೂತ ಐದನೆಯವರು ಅವರು. ಗಡ್ಡದವನು ತನ್ನ ಮಡಚುವ ಕುರ್ಚಿಯ ಕಾಲನ್ನು ತಟ್ಟಿ, ಇದು ಹದಿನೈದು ವರ್ಷದಿಂದ ಗಟ್ಟಿಯಾಗಿದೆ ಎಂದ. 19ರ ಭಾನುವಾರ ಬೆಳಗ್ಗೆ ಲೂವ್ರ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಕಳ್ಳರು ನುಗ್ಗಿದರು. ನದಿಯ ಕಡೆಯ ರಸ್ತೆಯಲ್ಲಿ ಏಣಿಯ ಲಾರಿ ನಿಲ್ಲಿಸಿ, ಮಹಡಿಗೆ ಏರಿ, ಕಿಟಕಿ ಕೊರೆದು, ಹಾಡಹಗಲೇ ರಾಜಮನೆತನದ ಒಡವೆಗಳನ್ನು ಕೆಲವೇ ನಿಮಿಷಗಳಲ್ಲಿ ಎತ್ತಿಕೊಂಡು ಹೋದರು. ಅವುಗಳ ಬೆಲೆ 88 ಮಿಲಿಯನ್ ಯೂರೋ ಎಂದು ಪ್ಯಾರಿಸ್‌ನ ಸರ್ಕಾರಿ ಅಭಿಯೋಜಕರೇ ಹೇಳಿದರು. ಆ ವಾರ ದಂಡೆಯ ಉದ್ದಕ್ಕೂ ಬೇರೆ ಮಾತೇ ಇರಲಿಲ್ಲ. ಗಡ್ಡದವನು ತನ್ನ ಪೆಟ್ಟಿಗೆಯ ತುಕ್ಕುಹಿಡಿದ ಕಬ್ಬಿಣದ ಅಗುಳಿಯನ್ನು ತೋರಿಸಿ, ಬೇಕಾದರೆ ಲೂವ್ರದವರಿಗೆ ಬಾಡಿಗೆಗೆ ಕೊಡುತ್ತೇನೆ ಎಂದ.

ಅವನ ಗೇಲಿ ಮಾತ್ರ ಹೇಳಿದರೆ ಅನ್ಯಾಯವಾದೀತು. ಅಕ್ಟೋಬರ್ 9ರಂದು ರೊಬೇರ್ ಬದಾಂತೇರ್ ಅವರಿಗೆ ಪಾಂಥಿಯಾನ್‌ನಲ್ಲಿ ಸ್ಥಾನ ಕೊಟ್ಟು ಗೌರವಿಸಿದರು. ದೇಶ ತೀರಿಕೊಂಡ ತನ್ನ ದೊಡ್ಡವರನ್ನು ಇರಿಸಿಕೊಳ್ಳುವ ಗುಮ್ಮಟದ ಕಟ್ಟಡ ಅದು. 1981ರಲ್ಲಿ, ಅದೇ ಅಕ್ಟೋಬರ್ 9ರಂದು, ಮರಣದಂಡನೆಯನ್ನು ರದ್ದು ಮಾಡಿದ ಕಾಯ್ದೆ ಬಂದಿತ್ತು. ಆಗ ಅವರು ನ್ಯಾಯಮಂತ್ರಿ. ಆ ದಿನ ಗಡ್ಡದವನು ತನ್ನ ಪೆಟ್ಟಿಗೆಯ ಮುಂದಿನ ಸಾಲನ್ನು ಖಾಲಿ ಮಾಡಿ, ಅವರ ಪುಸ್ತಕಗಳನ್ನು ಮಾತ್ರ ಮುಖ ಕಾಣುವಂತೆ ಜೋಡಿಸಿದ್ದ. ನಾನು ಒಂದನ್ನು ಎತ್ತಿದಾಗ, ಇವತ್ತು ಇದರ ಮೇಲೆ ಚೌಕಾಸಿ ಬೇಡ ಎಂದು ಬೆರಳು ಆಡಿಸಿದ. ನನಗೆ ಬೇಕಾಗಿಯೂ ಇರಲಿಲ್ಲ, ಓದಲು ಬರುವುದಿಲ್ಲವಲ್ಲ. ಆದರೂ ಕೊಂಡೆ, ಆರು ಯೂರೋ.

ಈಗ ಟೋಪಿಯ ಕತೆ.

ನನ್ನ ಅಜ್ಜಿಯ ಊರು ಶ್ರೀರಂಗಪಟ್ಟಣ. ಅಲ್ಲಿ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಫ್ರೆಂಚರು ಇದ್ದಾರೆ. ಚಿಕ್ಕಂದಿನಲ್ಲಿ ಆ ಗೋಡೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೇನೆಂದರೆ, ಫ್ರೆಂಚರೆಂದರೆ ನನ್ನ ಪಾಲಿಗೆ ಬಹಳ ವರ್ಷ ಆ ಗೋಡೆಯ ಫ್ರೆಂಚರೇ. ಅವರನ್ನು ನಮ್ಮವರು ಬರೆದದ್ದು ಹಾಗೆ. ನಮ್ಮವರನ್ನು ಅವರು ಹೇಗೆ ಬರೆದಿದ್ದಾರೆ ಎಂದು ನೋಡುವ ಆಸೆ ಇತ್ತು. 1787ರಲ್ಲಿ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಫ್ರಾನ್ಸಿನ ರಾಜ ಹದಿನಾರನೆಯ ಲೂಯಿಯ ಬಳಿಗೆ ಕಳಿಸಿದ್ದ. 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಅವರಿಗೆ ದರ್ಶನ ಕೊಟ್ಟರು. ಪ್ಯಾರಿಸ್ ನಗರಕ್ಕೆ ಹುಚ್ಚು ಹಿಡಿದಂತಾಯಿತಂತೆ, ಅವರ ಮಸ್ಲಿನ್ ಅಂಗಿ, ಪಗಡಿಗಳನ್ನು ನೋಡಲು ಜನ ಮುಗಿಬಿದ್ದರಂತೆ. ಕೇಳಿದ ಸೈನ್ಯ ಸಿಗಲಿಲ್ಲ, ಸೇವ್ರ್ ಕಾರ್ಖಾನೆಯ ಪಿಂಗಾಣಿ ಸಾಮಾನು ಸಿಕ್ಕಿತು. ಮರುವರ್ಷ ಕ್ರಾಂತಿಯಾಗಿ ಕೊಡುವ ರಾಜನೇ ಕೈದಿಯಾದ.

ಆ ಕಾಲದ ಹೆಸರಾಂತ ಚಿತ್ರಗಾರ್ತಿ ವಿಜೇ ಲ ಬ್ರನ್ ರಾಯಭಾರಿ ದರ್ವೇಶ್ ಖಾನರ ಆಳೆತ್ತರದ ಚಿತ್ರ ಬರೆದಳು. ಅವರ ಬಿಡಾರದಲ್ಲಿ ನೆಲದ ಮೇಲೆ ಕೂತು ಊಟ ಮಾಡಿದ್ದನ್ನೂ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಚಿತ್ರ ಮುಗಿದ ಮೇಲೆ ಖಾನರು ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟು, ಇದಕ್ಕೆ ಆತ್ಮ ಬೇಕು ಎಂದು ಕೊಡಲು ಒಪ್ಪಲಿಲ್ಲವಂತೆ. ಅಂಥ ರಾಯಭಾರಿಗಳ ಒಂದು ಹಳೆಯ ಅಚ್ಚುಚಿತ್ರ ಸಿಕ್ಕರೆ ಸಾಕೆಂದು ನಾನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೇಳುತ್ತಾ ಹೋದೆ. ನಮ್ಮಲ್ಲಿ ಟಿಪ್ಪುವಿನ ಹೆಸರೆತ್ತಿದರೆ ನಿಮ್ಮದು ಯಾವ ಪಕ್ಷ ಎಂದು ನೋಡುತ್ತಾರೆ. ಅಲ್ಲಿ ಹೆಸರೆತ್ತಿದರೆ ಬೆಲೆ ಹೇಳುತ್ತಾರೆ.

ಮೂರನೆಯ ದಿನ ಒಬ್ಬನ ಬಳಿ ಸಿಕ್ಕಿತು. ಮರಗಳ ಸಾಲು, ಜನಜಂಗುಳಿ, ನಡುವೆ ಪಗಡಿಯ ಮೂವರು. ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರವಾಗಿ ಅಂಟಿಸಿದ್ದ, ಹಿಂದೆ ದಪ್ಪ ರಟ್ಟು, ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ '18ನೆಯ ಶತಮಾನ'. ಅರವತ್ತು ಹೇಳಿದ, ನಲವತ್ತೈದಕ್ಕೆ ಬಂತು. ಆ ದಿನ ಪುಟ್ಟಿ ಇರಲಿಲ್ಲ, ನನ್ನ ಭೂತಗನ್ನಡಿಯೂ ಇರಲಿಲ್ಲ, ಮೋಡ ಕವಿದಿತ್ತು. ಇವೆಲ್ಲ ನೆಪ. ನಿಜ ಹೇಳಬೇಕೆಂದರೆ ಆ ಮೂರು ಪಗಡಿ ಕಂಡ ಕೂಡಲೇ ನನ್ನೊಳಗಿನ ಮುದ್ರಕ ಎದ್ದು ಹೊರಟುಹೋಗಿ, ಶ್ರೀರಂಗಪಟ್ಟಣದ ಹುಡುಗ ಬಂದು ಕೂತಿದ್ದ.

ಮನೆಗೆ ಬಂದು ಹೊದಿಕೆ ಬಿಚ್ಚಿ ದೀಪದಡಿ ಹಿಡಿದೆ. ತಾಮ್ರದ ತಗಡಿನಿಂದ ಅಚ್ಚಾದ ಚಿತ್ರವಾದರೆ ಸುತ್ತ ತಗಡಿನ ಅಂಚು ಕಾಗದದಲ್ಲಿ ಒತ್ತಿಕೊಂಡಿರಬೇಕು. ಬೆರಳಾಡಿಸಿದೆ, ನೆಲ ಸಾರಿಸಿದಷ್ಟು ನುಣ್ಣಗೆ. ಭೂತಗನ್ನಡಿ ಇಟ್ಟು ನೋಡಿದರೆ ರಾಯಭಾರಿಯ ಕೆನ್ನೆಯ ಮೇಲೆ ಹಳದಿ, ಕೆಂಪು, ನೀಲಿ, ಕಪ್ಪು ಚುಕ್ಕಿಗಳು, ರಂಗೋಲಿಗೆ ಇಟ್ಟ ಹಾಗೆ ಸಾಲುಸಾಲು. ಶುದ್ಧ ಆಫ್‌ಸೆಟ್, ಈ ಕಾಲದ ಯಂತ್ರದ ಅಚ್ಚು. ನಾನೇ ದೇವರ ಕ್ಯಾಲೆಂಡರಿಗೆ ಹೀಗೆ ಸಾವಿರಗಟ್ಟಲೆ ಚುಕ್ಕಿ ಇಡಿಸಿದ್ದೇನೆ.

ಮಾರನೆಯ ದಿನ ಮಳೆ, ಪೆಟ್ಟಿಗೆಗೆ ಬೀಗ. ಅದರ ಮರುದಿನ ಪುಟ್ಟಿಯನ್ನು ಕರೆದುಕೊಂಡು ಹೋಗಿ ಕೇಳಿಸಿದೆ. ಅವನಿಗೆ ಕಿಂಚಿತ್ತೂ ಮುಜುಗರವಿಲ್ಲ. "ಚಿತ್ರ 18ನೆಯ ಶತಮಾನದ್ದೇ. ಕಾಗದವೂ ಆ ಶತಮಾನದ್ದು ಎಂದು ನಾನು ಎಲ್ಲಿ ಬರೆದಿದ್ದೇನೆ?" ಪುಟ್ಟಿ ಅನುವಾದಿಸುತ್ತಾ ನಕ್ಕುಬಿಟ್ಟಳು. ವ್ಯಾಕರಣದ ದೃಷ್ಟಿಯಿಂದ ಅವನು ಸರಿ. ಅರ್ಧ ನಕ್ಷತ್ರ ಕಳೆದದ್ದು ಈತನಿಗಾಗಿ. ಯಾವ ದಂಡೆ, ಯಾವ ಪೆಟ್ಟಿಗೆ ಎಂದು ಬರೆಯುವುದಿಲ್ಲ; ಒಬ್ಬನ ಸಲುವಾಗಿ ಅಕ್ಕಪಕ್ಕದವರಿಗೆ ಕೆಟ್ಟ ಹೆಸರು ಬರುವುದು ಬೇಡ. ಹಳೆಯ ಅಚ್ಚುಚಿತ್ರ ಕೊಳ್ಳುವವರು ಹೊದಿಕೆ ಬಿಚ್ಚಿ ತೋರಿಸಲು ಹೇಳಿ. ಬಿಚ್ಚಲು ಒಪ್ಪದಿದ್ದರೆ ಮುಂದಿನ ಪೆಟ್ಟಿಗೆಗೆ ನಡೆಯಿರಿ.

ಮುಂದಿನ ಪೆಟ್ಟಿಗೆಗೆ ನಡೆದದ್ದರಿಂದಲೇ ನನಗೆ ಆ ಮುದುಕಿ ಸಿಕ್ಕಿದ್ದು. ತುರ್ನೆಲ್ ಕಡೆಯ ತುದಿಯಲ್ಲಿ ಅವರ ನಾಲ್ಕು ಪೆಟ್ಟಿಗೆಗಳಿದ್ದವು. ಎಪ್ಪತ್ತು ದಾಟಿದ ವಯಸ್ಸು, ಬೆರಳು ಕತ್ತರಿಸಿದ ಉಣ್ಣೆಯ ಕೈಗವಸು, ನಾಟಕದ ಪುಸ್ತಕಗಳೇ ಹೆಚ್ಚು. ನನ್ನ ಚಿತ್ರವನ್ನು ಒಮ್ಮೆ ನೋಡಿ ತುಟಿಯಲ್ಲಿ ಗಾಳಿ ಊದಿದರು. ಈ ಗಾಳಿ ಊದುವುದು ಫ್ರೆಂಚರಲ್ಲಿ ಒಂದು ಪೂರ್ತಿ ವಾಕ್ಯಕ್ಕೆ ಸಮ. ಆಮೇಲೆ ತಮ್ಮ ಪೆಟ್ಟಿಗೆಯಿಂದ ಬಿಡಿಹಾಳೆಯೊಂದನ್ನು ತೆಗೆದು ನದಿಯ ಬೆಳಕಿಗೆ ಅಡ್ಡ ಹಿಡಿದರು. ಕಾಗದದೊಳಗೆ ಬೆರಳಗಲಕ್ಕೊಂದು ಉದ್ದ ಗೆರೆ, ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆಗಳ ಒತ್ತು ಸಾಲು. ಬಟ್ಟೆಯ ಚಿಂದಿಯನ್ನು ಕೊಳೆಸಿ ತಂತಿಯ ಜರಡಿಯಲ್ಲಿ ಕೈಯಿಂದ ಎತ್ತಿದ ಕಾಗದ. ಇನ್ನೂರು ವರ್ಷವಾದರೂ ಹಾಲಿನ ಕೆನೆಯ ಬಣ್ಣ. ನಾನು ಅದನ್ನು ಬೆರಳ ನಡುವೆ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದೆ. ಅವರು ಥಟ್ಟನೆ ನನ್ನ ಕಡೆ ನೋಡಿ ಏನೋ ಕೇಳಿದರು.

"ನಿನ್ನ ಕೆಲಸ ಏನು ಅಂತ ಕೇಳುತ್ತಿದ್ದಾರೆ ತಾತ. ಕಾಗದದ ಸದ್ದು ಕೇಳುವವರು ಕಸುಬಿನವರು ಮಾತ್ರವಂತೆ."

ಅಲ್ಲಿಂದ ಮುಂದೆ ನಾವಿಬ್ಬರೂ ಮಾತಾಡಿದ್ದರಲ್ಲಿ ಪುಟ್ಟಿಯ ಅನುವಾದ ಅರ್ಧ, ಕೈಸನ್ನೆ ಅರ್ಧ. ಮೊಳೆ ಜೋಡಿಸುವುದನ್ನು ಸನ್ನೆಯಲ್ಲಿ ತೋರಿಸಿದೆ, ಅವರಿಗೆ ಗೊತ್ತಾಯಿತು. ನಾವು ಹನ್ನೆರಡು ಪಾಯಿಂಟ್, ಹದಿನಾಲ್ಕು ಪಾಯಿಂಟ್ ಎಂದು ಮೊಳೆ ಅಳೆಯುತ್ತಿದ್ದೆವಲ್ಲ, ಆ ಪಾಯಿಂಟ್ ಲೆಕ್ಕ ಹುಟ್ಟಿದ್ದೇ ಪ್ಯಾರಿಸ್‌ನಲ್ಲಿ. 1737ರಲ್ಲಿ ಫೂರ್ನಿಯೇ ಎಂಬ ಮೊಳೆ ಎರಕದವನು ಶುರು ಮಾಡಿದ, ಆಮೇಲೆ ದಿದೋ ಮನೆತನದವರು ತಿದ್ದಿದರು. ಇಡೀ ಜೀವಮಾನ ಬಾಯಲ್ಲಿ ಆಡಿದ ಶಬ್ದದ ತವರುಮನೆಯ ಅಂಗಳದಲ್ಲಿ ನಿಂತಿದ್ದೆ.

ಮೈಸೂರು ಎಂದಾಗ ಅವರಿಗೆ ತಿಳಿಯಲಿಲ್ಲ. 'ಟಿಪ್ಪು' ಎಂದಾಗ "ಆ, ತಿಪೋ ಸಾಯೆಬ್!" ಎಂದು ಹಿಂದಿನ ಸಾಲಿಗೆ ಕೈಹಾಕಿ, ರಟ್ಟು ಕಳಚಿದ, ಬೆನ್ನು ಒಡೆದ ಸಂಪುಟವೊಂದನ್ನು ಎಳೆದರು. ಎಟಿಯೆನ್ ಜೂಯಿ ಎಂಬ ನಾಟಕಕಾರನ ಸಮಗ್ರ ಕೃತಿಗಳ ಬಿಡಿ ಸಂಪುಟ. 1820ರ ದಶಕದ್ದು, ಅಚ್ಚು ಹಾಕಿದವನು ಅದೇ ದಿದೋ ವಂಶದವನು. ಯೌವನದಲ್ಲಿ ಸಿಪಾಯಿಯಾಗಿ ಭಾರತಕ್ಕೆ ಬಂದಿದ್ದ ಈ ಜೂಯಿ ಟಿಪ್ಪುವಿನ ಮೇಲೆ ಪದ್ಯರೂಪದ ದುರಂತ ನಾಟಕ ಬರೆ‍ದ. 1813ರಲ್ಲಿ ಅದು ಪ್ಯಾರಿಸ್‌ನ ಮುಖ್ಯ ರಂಗಮಂದಿರದಲ್ಲಿ ನಡೆಯಿತು. ಟಿಪ್ಪುವಿನ ಪಾತ್ರ ಮಾಡಿದವನು ನೆಪೋಲಿಯನ್ನನ ಮೆಚ್ಚಿನ ನಟ ತಾಲ್ಮಾ. ಇಂಗ್ಲಿಷರ ಜೊತೆ ಯುದ್ಧ ನಡೆಯುತ್ತಿದ್ದ ವರ್ಷ ಅದು, ಇಂಗ್ಲಿಷರಿಗೆ ಎದುರು ನಿಂತವನ ನಾಟಕ ಯಾಕೆ ಬೇಕಾಯಿತೆಂದು ಯಾರೂ ವಿವರಿಸಬೇಕಾಗಿಲ್ಲ.

ಪುಟ್ಟಿ ಪುಟ ತಿರುವಿ ತೊದಲುತ್ತಾ ಓದಿದಳು. "ತಾತ, ಇದು ಯಾವ ಊರು, ಸೆ-ರಂ-ಗ-ಪ-ಟಂ?"

"ನಿನ್ನ ಮುತ್ತಜ್ಜಿಯ ಊರು" ಎಂದೆ.

ಹನ್ನೆರಡು ಯೂರೋ ಎಂದು ಬರೆದಿತ್ತು. ನಾನು ಸುಮ್ಮನೆ ನಿಂತೆ, ಈ ಸಲ ಚೌಕಾಸಿಗಾಗಿ ಅಲ್ಲ. ಅವರು ಹತ್ತಕ್ಕೆ ಕೊಟ್ಟರು. ಜೊತೆಗೆ ಪುಟ್ಟಿಯ ಕೈಗೆ ತೆಳ್ಳನೆಯ ಒಂದು ಕವನಪುಸ್ತಕ ಇಟ್ಟರು, ಬಿಟ್ಟಿ. ಅವಳು ಬಿಡಿಸಲು ನೋಡಿದರೆ ಪುಟಗಳು ಬಿಡುತ್ತಿಲ್ಲ. ತಪ್ಪಾಗಿ ಬೈಂಡ್ ಆಗಿದೆ ಎಂದುಕೊಂಡಳು. ಅಲ್ಲ, ಹಿಂದೆ ಫ್ರಾನ್ಸಿನಲ್ಲಿ ಮಡಿಸಿದ ಅಚ್ಚಿನ ಹಾಳೆಗಳನ್ನು ಅಂಚು ಕತ್ತರಿಸದೆ ಹಾಗೆಯೇ ಹೊಲಿದು ಮಾರುತ್ತಿದ್ದರು, ಕೊಂಡವನು ಚಾಕುವಿನಿಂದ ಮಡಿಕೆ ಸೀಳುತ್ತಾ ಓದಬೇಕು. ಈ ಪುಸ್ತಕ ಅಚ್ಚಾಗಿ ತೊಂಬತ್ತು ವರ್ಷ, ಒಂದು ಮಡಿಕೆಯೂ ಸೀಳಿಲ್ಲ. ಒಬ್ಬರೂ ಓದಿಲ್ಲ ಎಂದರೆ ಕವಿಗೆ ಅವಮಾನ, ಬೈಂಡರಿಗೆ ಹಬ್ಬ: ನೂಲು ನಿನ್ನೆ ಎಳೆದಷ್ಟು ಬಿಗಿಯಾಗಿತ್ತು. ಅವರು ಮೂಳೆಯ ಪಟ್ಟಿಯೊಂದನ್ನು ಕೊಟ್ಟರು. ಪುಟ್ಟಿ ಮೊದಲ ಮಡಿಕೆಗೆ ಅದನ್ನು ತೂರಿಸಿ, ನಾಲಿಗೆ ಹೊರಚಾಚಿ, ಉಸಿರು ಹಿಡಿದು ಸೀಳಿದಳು. ಕಾಗದದ ಸಣ್ಣ ನಾರುಗಳು ಗಾಳಿಯಲ್ಲಿ ಹಾರಿ ಅವಳ ಕೋಟಿನ ಮೇಲೆ ಕೂತವು.

ಇನ್ನರ್ಧ ನಕ್ಷತ್ರ ಕಳೆದದ್ದು ಐಫೆಲ್ ಗೋಪುರಕ್ಕಾಗಿ. ಒಂದು ಪೆಟ್ಟಿಗೆಯಲ್ಲಿ ಮಾತ್ರ ಆಟಿಕೆ ಎಂಬ ನಿಯಮ ಕಾಗದದ ಮೇಲಿದೆ. ನೋತ್ರ ದಾಮ್ ಎದುರಿನ ಸಾಲಿನಲ್ಲಿ ನಡೆದರೆ ಕೀಲಿಗೊಂಚಲು, ಫ್ರಿಜ್ಜಿಗೆ ಅಂಟಿಸುವ ಗೋಪುರ, ಬೆಕ್ಕಿನ ಚಿತ್ರದ ತಗಡು, ಇವುಗಳ ನಡುವೆ ಪುಸ್ತಕ ಹುಡುಕಬೇಕು. ಬೆಂಕಿಬಿದ್ದ ಇಗರ್ಜಿ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಮೇಲೆ ಅಲ್ಲಿ ಜನರ ನೂಕುನುಗ್ಗಲು. ಅವರಲ್ಲಿ ಪುಸ್ತಕ ಕೇಳುವವರು ಕಡಿಮೆ. ಗೋಪುರ ಮಾರಿದ್ದರಿಂದಲೇ ಪುಸ್ತಕ ಇಟ್ಟುಕೊಳ್ಳಲು ಆಗಿದೆ ಎಂದು ಗಡ್ಡದವನು ಸಮರ್ಥಿಸಿದ. ನಾನೂ ಲಗ್ನಪತ್ರಿಕೆ ಹಾಕಿದ ದುಡ್ಡಿನಲ್ಲಿ ಕವನಸಂಕಲನ ಅಚ್ಚು ಹಾಕಿದವನೇ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ಕಳೆಯಲು ಮನಸ್ಸು ಬರಲಿಲ್ಲ. ಪುಸ್ತಕವೇ ಬೇಕಾದವರು ಇಗರ್ಜಿಯ ಎದುರು ನಿಲ್ಲದೆ ಎರಡೂ ತುದಿಗಳ ಕಡೆಗೆ ನಡೆದುಬಿಡಿ.

ಹೋಗುವವರಿಗೆ ಉಳಿದ ಸಂಗತಿಗಳು. ಮಳೆ ಬಂದರೆ ಹೋಗಬೇಡಿ, ಮುಚ್ಚಳ ತೆರೆಯುವುದಿಲ್ಲ. ಚಿಲ್ಲರೆ ನೋಟು ಇರಲಿ, ಕಾರ್ಡು ಎಲ್ಲರ ಬಳಿಯೂ ನಡೆಯುವುದಿಲ್ಲ. ಪುಸ್ತಕ ತೆಗೆದ ಜಾಗದಲ್ಲೇ ಇಡಿ. ನಾನು ಒಂದನ್ನು ಪಕ್ಕದ ಸಾಲಿಗೆ ಸೇರಿಸಿದ್ದಕ್ಕೆ ಬೈಸಿಕೊಂಡೆ, ಬೈದದ್ದು ನ್ಯಾಯವಾಗಿತ್ತು. ಸಂಜೆ ಐದರ ಮೇಲೆ ನದಿಯ ಗಾಳಿ ಮೂಳೆಗೆ ಇಳಿಯುತ್ತದೆ, ಅಕ್ಟೋಬರಿನಲ್ಲೇ ಕುಲಾವಿ ಬೇಕು. ಕಾಫಿ ಅಲ್ಲಿ ಚಮಚದಷ್ಟು ಕೊಡುತ್ತಾರೆ, ಫ್ಲಾಸ್ಕ್ ಒಯ್ಯುವುದು ಮೇಲು.

ಮೈಸೂರಿಗೆ ಬಂದ ಮೇಲೆ ಜೂಯಿಯ ಸಂಪುಟಕ್ಕೆ ಹೊಸ ರಟ್ಟು ಕಟ್ಟಿ, ಹೊಲಿಗೆ ಬಿಗಿದು, ಹಿಂಬದಿಗೆ ಖಾದಿ ಬಟ್ಟೆ ಅಂಟಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಅದನ್ನು ಈವರೆಗೆ ಯಾರೂ ಕೇಳಿ ನೋಡಿಲ್ಲ. ನಲವತ್ತೈದು ಯೂರೋದ ರಾಯಭಾರಿಗಳಿಗೆ ತೇಗದ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಬಂದವರೆಲ್ಲ ಅದರ ಮುಂದೆ ನಿಂತು, ಎಂಥ ಹಳೆಯ ಚಿತ್ರ, ಆಗಿನವರ ಕೈಚಳಕವೇ ಬೇರೆ ಎನ್ನುತ್ತಾರೆ. ಭೂತಗನ್ನಡಿ ಮೇಜಿನ ಖಾನೆಯಲ್ಲೇ ಇದೆ, ನಾನು ತೆಗೆಯಲು ಹೋಗುವುದಿಲ್ಲ.